ಹೊರಕ್ಕೆ ತಿರುಗಿದ ಎರಡು ಚಕ್ರ

"ಶೆಡ್ಡಿಗೆ ಬೀಗ ಜಡಿದಿದ್ದಾರೆ ಅಮ್ಮ. ನಾಳೆ ನನ್ನನ್ನೂ ಒಳಗೆ ಹಾಕ್ತಾರಂತೆ."

ಮೆಕ್ಯಾನಿಕ್ ನಮ್ಮ ಬಾಗಿಲಲ್ಲೇ ನಿಂತು ಹೇಳಿದಳು. ಬಟ್ಟೆಗೆಲ್ಲ ಗ್ರೀಸು. ಕುರ್ಚಿ ಕೊಳೆಯಾಗುತ್ತದೆಂದು ಕೂರಲಿಲ್ಲ.

"ಕುರ್ಚಿ ಒರೆಸಿದ್ರಾಯ್ತು, ಸುಮ್ನೆ ಕೂತ್ಕೋ," ಎಂದರು ದೊಡ್ಡಮ್ಮ.

ದೊಡ್ಡಮ್ಮ ವಿಮಾ ಕಂಪನಿಯೊಂದರಲ್ಲಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ನಿವೃತ್ತಿಯ ನಂತರವೂ ಜನ ತಮ್ಮ ತಕರಾರುಗಳನ್ನು ಹೊತ್ತು ಬರುತ್ತಿದ್ದರು. ಪೊಲೀಸರೂ ಬರುತ್ತಿದ್ದರು, ಗೊಣಗಿಕೊಂಡು. ಅವರ ಮಂಡಿ ಕೈಕೊಟ್ಟಿತ್ತು, ನಾಲಿಗೆ ಮಾತ್ರ ಚೆನ್ನಾಗಿತ್ತು. ನಾನು ಅವರ ತಂಗಿಯ ಮಗ. ಗಾಡಿ ಓಡಿಸುವುದು, ಟಾರ್ಚ್ ಹಿಡಿಯುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ಮೆಕ್ಯಾನಿಕ್ ಹೇಳಿದ ಸಂಗತಿ ಇಷ್ಟು. ನಮ್ಮ ಬಡಾವಣೆಯ ನರ್ಸ್ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿದ್ದರು. ಅವರದು ಹಳೆಯ ಸಣ್ಣ ಕಾರು. ಡಿಕ್ಕಿಯಲ್ಲಿ ಯಾವಾಗಲೂ ಆಕ್ಸಿಜನ್ ಸಿಲಿಂಡರುಗಳು. ಆ ಭಾರಕ್ಕೆ ಹಿಂದಿನ ಸ್ಪ್ರಿಂಗುಗಳು ಕುಸಿದು, ಕಾರು ಮೂಗು ಮೇಲೆತ್ತಿಕೊಂಡು ಓಡಾಡುತ್ತಿತ್ತು. ಮೆಕ್ಯಾನಿಕ್ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿ, ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ, ಮುಂದೆ ಹೊಸ ಟೈರುಗಳನ್ನೂ ತೊಡಿಸಿದ್ದಳು. ಕಾರಿನ ಎತ್ತರ ಬದಲಾದರೆ ಚಕ್ರಗಳು ನೋಡುವ ದಿಕ್ಕೂ ಬದಲಾಗುತ್ತದೆ, ಅಲೈನ್‌ಮೆಂಟ್ ಮಾಡಲೇಬೇಕು. ಅವಳ ಹತ್ತಿರ ಯಂತ್ರವಿರಲಿಲ್ಲ. ಅಪ್ಪ ಕಲಿಸಿದಂತೆ ಕಾರಿನ ಎರಡೂ ಬದಿಗೆ ಉದ್ದಕ್ಕೆ ದಾರ ಕಟ್ಟಿ, ದಾರದಿಂದ ಚಕ್ರಕ್ಕೆ ಎಷ್ಟು ದೂರವೆಂದು ಸ್ಟೀಲ್ ಪಟ್ಟಿಯಲ್ಲಿ ಅಳೆದು ಸರಿಮಾಡಿದ್ದಳು.

ಮರುದಿನ ಬೆಳಿಗ್ಗೆ ಕಾರು ತಿರುವಿನ ಗೋಡೆಗೆ ಗುದ್ದಿತು. ನರ್ಸ್ ಅವರ ತೊಡೆಯ ಮೂಳೆ ಮುರಿಯಿತು, ತಲೆಗೂ ಪೆಟ್ಟಾಯಿತು. ಸಂಜೆ ಪೊಲೀಸರು ಕಾರು ನೋಡಿದರೆ ಮುಂದಿನ ಎರಡೂ ಚಕ್ರ ಹೊರಕ್ಕೆ ತಿರುಗಿವೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಲಾಕ್ ನಟ್ಟುಗಳು ಎರಡೂ ಕಡೆ ಸಡಿಲ.

"ನೀನು ಬಿಗಿ ಮಾಡಿದ್ಯಾ?"

"ಮಾಡಿದೀನಿ. ಆಮೇಲೆ ನಾನೇ ಓಡಿಸಿ ನೋಡಿದೀನಿ. ಕೈ ಬಿಟ್ಟರೂ ಗಾಡಿ ನೇರ ಹೋಯ್ತು."

"ಇದನ್ನ ಇನ್‌ಸ್ಪೆಕ್ಟರಿಗೆ ಹೇಳಿದ್ಯಾ?"

"ಹೇಳಿದೆ. ಹೆಂಗಸಿನ ಕೈಯಲ್ಲಿ ನಟ್ಟು ಎಷ್ಟು ತಾನೇ ಬಿಗಿಯಾಗುತ್ತೆ ಅಂದ್ರು."

"ಯಾರು ಅಂದಿದ್ದು?"

"ಒಬ್ಬರು ಅಂತ ಹೇಗೆ ಹೇಳ್ಲಿ ಅಮ್ಮ? ಎಲ್ಲರೂ ಅಂದ್ರು."

ದೊಡ್ಡಮ್ಮ ಕಾಫಿ ಲೋಟವನ್ನು ಕುಕ್ಕಿದ ಸದ್ದಿಗೆ ನಾನು ಬೆಚ್ಚಿದೆ. "ಗಾಡಿ ತೆಗಿಯೋ," ಎಂದರು. "ಜನ ಕಾರು ನೋಡಲ್ಲ, ಕಾರು ರಿಪೇರಿ ಮಾಡಿದವರ ಮುಖ ನೋಡ್ತಾರೆ. ಕಣ್ಣು ಯಾಕಿದೆಯೋ ಇವಕ್ಕೆ!"

ಕಾರು ಇದ್ದದ್ದು ದೊಡ್ಡ ರಸ್ತೆಯ ಅಲೈನ್‌ಮೆಂಟ್ ಅಂಗಡಿಯಲ್ಲಿ. ಹೊಳೆಯುವ ನೆಲ, ಕಂಪ್ಯೂಟರ್ ಪರದೆ, ಕಾರು ಮೇಲೆತ್ತುವ ಲಿಫ್ಟ್, ಹಿಂದೆ ಹಳೆ ಬಿಡಿಭಾಗ ಎಸೆಯುವ ಗುಜರಿ ಡ್ರಮ್ಮು. ಮಾಲೀಕನನ್ನು ಎಲ್ಲರೂ ಮಷಿನ್ ಯಜಮಾನ ಎನ್ನುತ್ತಿದ್ದರು. ಅಪಘಾತದ ಜಾಗಕ್ಕೆ ಮೊದಲು ಓಡಿಬಂದವನು, ನರ್ಸ್ ಅವರನ್ನು ಆಸ್ಪತ್ರೆಗೆ ಸಾಗಿಸಿದವನು, ಕಾರನ್ನು ಎಳೆಸಿ ತನ್ನ ಅಂಗಡಿಯಲ್ಲಿ ಜಾಗ ಕೊಟ್ಟವನು ಅವನೇ. ಪೊಲೀಸರು ಬರುವ ಮೊದಲೇ ರಸ್ತೆಯ ಗಾಜಿನ ಚೂರನ್ನೂ ಗುಡಿಸಿದ್ದನಂತೆ, ಮಕ್ಕಳ ಕಾಲಿಗೆ ಚುಚ್ಚೀತೆಂದು. ಊರೆಲ್ಲ ಅವನನ್ನು ಹೊಗಳುತ್ತಿತ್ತು.

ನರ್ಸ್ ಅವರ ಅಣ್ಣನೂ ಅಲ್ಲಿದ್ದ. ತಂಗಿಯ ಚೀಲವನ್ನು ಕಾರಿನಿಂದ ತೆಗೆದುಕೊಳ್ಳಲು ಬಂದಿದ್ದ. ಹೊರಗೆ ಅವನ ದೊಡ್ಡ ಬಿಳಿ ಕಾರು ನಿಂತಿತ್ತು.

"ದಾರ ಕಟ್ಟಿ ಅಲೈನ್‌ಮೆಂಟ್ ಮಾಡ್ತಾಳಂತೆ, ದಾರ!" ಎಂದ ಅಣ್ಣ. "ನನ್ನ ತಂಗಿಗೆ ಬಡ್ಕೊಂಡೆ, ಆ ಡಬ್ಬ ಮಾರು, ಇಲ್ಲ ಅಂದ್ರೆ ಇವರ ಹತ್ತಿರ ತೋರಿಸು ಅಂತ. ಕೆಲಸ ಅಂದ್ರೆ ಇವರದು ಮೇಡಂ. ಮೊನ್ನೆ ನನ್ನ ಗಾಡಿಗೆ ಟೈರ್ ಹಾಕಿಸೋಕೆ ಬಿಟ್ಟಿದ್ದೆ. ಕನ್ನಡಿ ಬಿರುಕು ಬಿಟ್ಟಿತ್ತು ಅಂತ, ನಾನು ಕೇಳದೇನೇ ಹೊಸದು ಹಾಕಿಕೊಟ್ಟಿದ್ದಾರೆ."

"ಅದೇನು ಮಹಾ ಬಿಡಿ ಸಾರ್," ಎಂದ ಮಷಿನ್ ಯಜಮಾನ, ತಲೆ ತಗ್ಗಿಸಿ.

ನಾನು ಹೊರಗೆ ಕಣ್ಣು ಹಾಯಿಸಿದೆ. ಬಿಳಿ ಕಾರಿನಲ್ಲಿ ಚಾಲಕನ ಕಡೆಯ ಕನ್ನಡಿ ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಮಂಕಾಗಿತ್ತು.

ದೊಡ್ಡಮ್ಮ ನೆಲದ ಮೇಲೆ ರಟ್ಟು ಹಾಸಿಸಿ, ಮಂಡಿಯನ್ನು ಶಪಿಸುತ್ತಾ ಸಣ್ಣ ಕಾರಿನ ಕೆಳಗೆ ತೂರಿದರು. ನಾನು ಟಾರ್ಚ್ ಹಿಡಿದೆ. ತಿಳಿನೀಲಿ ಬಣ್ಣದ ಆ ಕಾರಿನ ಎಡ ಮೂಲೆ ನಜ್ಜುಗುಜ್ಜಾಗಿತ್ತು. ಮುಂದಿನ ಚಕ್ರಗಳು ಜಗಳವಾಡಿದ ಗಂಡಹೆಂಡಿರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಅವರು ಎಡಗಡೆಯ ಟೈ ರಾಡ್ ನೋಡಿದರು, ಬಲಗಡೆಯದನ್ನೂ ನೋಡಿದರು. ಮತ್ತೆ ಎಡಕ್ಕೆ ಬಂದರು. ಹೊರಬಂದು ಟೈರುಗಳ ಒಳ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಒಳಗೆ ಕೂತು, ಸ್ಟೀರಿಂಗನ್ನು ಮುಟ್ಟದೆ ಸುಮ್ಮನೆ ದಿಟ್ಟಿಸಿದರು. ಚಾಲಕನ ಕಡೆಯ ಕನ್ನಡಿ ಹಿಂದಕ್ಕೆ ಮುರಿದು ಜೋತಾಡುತ್ತಿತ್ತು. ಅದರ ಗಾಜು ಇರಲಿಲ್ಲ.

"ಈ ಕಾರು ಬಂದ ಮೇಲೆ ಯಾರ್ಯಾರು ಮುಟ್ಟಿದ್ರು?" ಎಂದು ಕೇಳಿದರು.

"ಇನ್‌ಸ್ಪೆಕ್ಟರ್ ಅವತ್ತೇ ಸಂಜೆ ಬಂದು ನೋಡಿದ್ರು," ಎಂದ ಮಷಿನ್ ಯಜಮಾನ. "ಅದಕ್ಕೆ ಮುಂಚೆ ಸಾರ್ ಒಬ್ಬರೇ ಬಂದು ಸ್ವಲ್ಪ ಹೊತ್ತು ಇದ್ರು. ನಾನು ಮುಟ್ಟಿಲ್ಲ."

ಅಣ್ಣ ಸಿಡುಕಿದ. "ತಂಗಿ ಮೊಬೈಲ್ ಹುಡುಕ್ತಿದ್ದೆ. ಅದೂ ತಪ್ಪಾ?"

ಆಸ್ಪತ್ರೆಯಲ್ಲಿ ನರ್ಸ್ ಅವರಿಗೆ ತಿರುವಿನಲ್ಲಿ ಏನಾಯಿತೆಂಬುದು ನೆನಪಿರಲಿಲ್ಲ. ಅದಕ್ಕೂ ಮುಂಚಿನದು ಚೆನ್ನಾಗಿ ನೆನಪಿತ್ತು.

"ಕೆರೆ ಪಕ್ಕದ ಉದ್ದ ರಸ್ತೆ ಇದೆಯಲ್ಲ, ಅಲ್ಲಿ ಸ್ಟೀರಿಂಗ್ ಮೇಲೆ ಬರೀ ಬೆರಳಿಟ್ಟಿದ್ದೆ," ಎಂದರು. "ಗಾಡಿ ಆಚೀಚೆ ಅಲ್ಲಾಡಲಿಲ್ಲ. ಎಷ್ಟೋ ವರ್ಷ ಆಗಿತ್ತು, ಸಿಲಿಂಡರುಗಳು ಸದ್ದು ಮಾಡದೇ ಕೂತು. ಆ ಹುಡುಗಿಯ ಶೆಡ್ಡಿಗೆ ಬೀಗ ಹಾಕಿದ್ದಾರಾ? ಯಾಕೆ? ನನ್ನನ್ನ ಒಂದು ಮಾತು ಕೇಳಬೇಡವಾ?"

ಯಾರೂ ಕೇಳಿರಲಿಲ್ಲ. ಗಾಯವಾದವರನ್ನು ಬಿಟ್ಟು ಊರಿನವರನ್ನೆಲ್ಲ ವಿಚಾರಿಸಿದ್ದರು.

ವಾಪಸು ಬರುವಾಗ ನಾನು ಅಣ್ಣನ ಮೇಲೆ ಅನುಮಾನ ಹೇಳಿದೆ. ಕಾರು ಮಾರಿಸಬೇಕೆಂಬ ಹಟ ಅವನಿಗಿತ್ತು, ಕಾರಿನ ಹತ್ತಿರ ಒಬ್ಬನೇ ಇದ್ದ. ದೊಡ್ಡಮ್ಮ ನಕ್ಕರು. "ಅವನು ನಟ್ಟು ಬಿಚ್ಚೋದಿರಲಿ, ಹುಡುಕೋದಕ್ಕೇ ಆಳು ಬೇಕು. ಇನ್‌ಸ್ಪೆಕ್ಟರಿಗೆ ಫೋನ್ ಮಾಡು. ಸಂಜೆ ಎಲ್ಲರೂ ಅಂಗಡಿಗೆ ಬರಲಿ. ಅಂಗಡಿ ಹಿಂದಿನ ಗುಜರಿ ಡ್ರಮ್ಮಿಗೆ ಒಬ್ಬ ಪೇದೆ ಕಾವಲಿರಲಿ."

ಸಂಜೆ ಸಣ್ಣ ಕಾರಿನ ಸುತ್ತ ಎಲ್ಲರೂ ಸೇರಿದೆವು. ನರ್ಸ್ ವೈದ್ಯರೊಡನೆ ಜಗಳವಾಡಿ ಗಾಲಿಕುರ್ಚಿಯಲ್ಲಿ ಬಂದಿದ್ದರು. ಮೆಕ್ಯಾನಿಕ್ ಕಂಬಕ್ಕೆ ಒರಗಿ, ಕೈಕಟ್ಟಿ ನಿಂತಿದ್ದಳು.

"ಮೊದಲು ಟೈರ್ ನೋಡಿ," ಎಂದರು ದೊಡ್ಡಮ್ಮ. "ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲುಗಳಿರ್ತವೆ. ಚಕ್ರ ಇಷ್ಟು ಹೊರಕ್ಕೆ ತಿರುಗಿದ್ರೆ ಟೈರು ಉರುಳಲ್ಲ, ರಸ್ತೆಗೆ ಉಜ್ಜಿಕೊಂಡು ಹೋಗುತ್ತೆ. ಕೆರೆ ರಸ್ತೆ ಮುಗಿಯೋದ್ರೊಳಗೆ ಒಳ ಅಂಚು ಅರ ಹಾಕಿ ತಿಕ್ಕಿದ ಹಾಗಾಗಬೇಕಿತ್ತು. ಮುಟ್ಟಿ ನೋಡಿ ಇನ್‌ಸ್ಪೆಕ್ಟರ್, ಕೂದಲು ಹಾಗೇ ಇದೆ. ಅಂದ್ರೆ ಈ ಕಾರು ಈ ಸ್ಥಿತಿಯಲ್ಲಿ ರಸ್ತೆ ಮೇಲೆ ಓಡೇ ಇಲ್ಲ."

ಇನ್‌ಸ್ಪೆಕ್ಟರ್ ಬಗ್ಗಿ ಮುಟ್ಟಿದರು. ಇನ್ನೊಂದು ಚಕ್ರವನ್ನೂ ಮುಟ್ಟಿದರು. "ಹಾಗಾದ್ರೆ ನಟ್ಟು ಬಿಚ್ಚಿದ್ದು..."

"ಗುದ್ದಿದ ಮೇಲೆ. ಇಲ್ಲಿ ಬಂದ ಮೇಲೆ."

"ನಾನಲ್ಲ!" ಎಂದ ಅಣ್ಣ, ಯಾರೂ ಕೇಳದಿದ್ದರೂ.

"ನೀವಲ್ಲ, ಸುಮ್ನಿರಿ. ಸ್ಟೀರಿಂಗ್ ನೋಡಿ, ಗೆರೆ ಎಳೆದ ಹಾಗೆ ನೆಟ್ಟಗಿದೆ. ಎಡ ಟೈ ರಾಡಿನಲ್ಲಿ ಎಷ್ಟು ಸುತ್ತು ತಿರುಗಿಸಿದ್ದಾರೋ ಬಲಗಡೇನೂ ಅಷ್ಟೇ. ಹೊರಬಂದ ತಿರುಪಿನ ಸುತ್ತುಗಳನ್ನ ನಾನು ಎಣಿಸಿದೀನಿ, ಎರಡೂ ಕಡೆ ಒಂದೇ. ಸಡಿಲ ಬಿಟ್ಟ ನಟ್ಟು ಗುಂಡಿಗೆ ಬಿದ್ದು ಎದ್ದು ಜರುಗಿದ್ರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಆಗುತ್ತೆ. ಏನೂ ಗೊತ್ತಿಲ್ಲದವನು ಕೆಡಿಸೋಕೆ ಬಂದ್ರೆ ಒಂದೇ ಕಡೆ ತಿರುಗಿಸಿ ಓಡ್ತಾನೆ. ಕೆಡಿಸುವಾಗಲೂ ಸ್ಟೀರಿಂಗ್ ಸೊಟ್ಟ ಆಗದ ಹಾಗೆ ಎರಡೂ ಕಡೆ ಸಮ ಸಮ ತಿರುಗಿಸೋನು ದಿನಾ ಇದೇ ಕೆಲಸ ಮಾಡೋನು. ಕಳ್ಳತನದಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ."

ಎಲ್ಲರೂ ಮಷಿನ್ ಯಜಮಾನನ ಕಡೆ ತಿರುಗಿದರು.

"ಅವಳೂ ಅದೇ ಕೆಲಸ ಮಾಡ್ತಾಳಲ್ಲ!" ಎಂದ ಅವನು.

"ಅವಳು ಇಲ್ಲಿಗೆ ಬಂದಿದ್ದು ಇವತ್ತೇ. ಗುದ್ದಿದ ದಿನ ಮಧ್ಯಾಹ್ನದಿಂದ ಅವಳನ್ನ ಠಾಣೆ ಬೆಂಚಿನ ಮೇಲೆ ಕೂರಿಸಿದ್ದು ಈ ಇನ್‌ಸ್ಪೆಕ್ಟರೇ."

"ನಾನ್ಯಾಕೆ ಮಾಡ್ಲಿ? ಆಸ್ಪತ್ರೆಗೆ ಸೇರಿಸಿದವನು ನಾನು!"

"ಗುದ್ದಿಸಿದವನೂ ನೀನೇ," ಎಂದರು ದೊಡ್ಡಮ್ಮ. "ಗೋಡೆ ಎಡಗಡೆ ಇದೆ. ಬಲಗಡೆ ಕನ್ನಡಿ ಹೇಗೆ ಮುರೀತು? ಮುಂದಿನಿಂದ ಬಂದ ಗಾಡಿ ಹೊಡೆದು ಹಿಂದಕ್ಕೆ ಮುರೀತು. ತಿರುವಿನಲ್ಲಿ ಯಾರೋ ರಸ್ತೆ ಮಧ್ಯೆ ದಾಟಿ ನುಗ್ಗಿದಾರೆ, ಇವರು ಎಡಕ್ಕೆ ಎಳೆದು ಗೋಡೆಗೆ ಬಿದ್ದಿದಾರೆ. ಹಾಗೆ ಕನ್ನಡಿಗೆ ಕನ್ನಡಿ ತಾಗಿದ್ರೆ ಎದುರಿನ ಗಾಡಿಯ ಬಲಗಡೆ ಕನ್ನಡಿಯೂ ಒಡೀಬೇಕು. ಹೌದಲ್ವಾ ಸಾರ್?" ಎಂದು ಅಣ್ಣನ ಕಡೆ ತಿರುಗಿದರು. "ನಿಮ್ಮ ಗಾಡಿಗೆ ಹೊಸ ಕನ್ನಡಿ ಹಾಕಿದ್ದು ಯಾವ ಕಡೆ?"

ಅಣ್ಣ ಹೊರಗಿನ ಬಿಳಿ ಕಾರಿನತ್ತ ತಿರುಗಿದ. ಬಲಗೈ ಅರ್ಧ ಮೇಲೆದ್ದು ಅಲ್ಲೇ ನಿಂತಿತು.

"ಬಿಡುವಾಗ ಬಿರುಕು ಇತ್ತಾ?"

"ಇ... ಇರಲಿಲ್ಲ. ಇದ್ದಿರಬಹುದು, ನಾನೇ ನೋಡಿಲ್ಲ ಅಂದ್ಕೊಂಡೆ."

ಪೇದೆ ಗುಜರಿ ಡ್ರಮ್ಮನ್ನು ನೆಲಕ್ಕೆ ಬೋರಲು ಹಾಕಿದ. ಸವೆದ ಬುಷ್ಷುಗಳು, ಹರಿದ ಟ್ಯೂಬುಗಳ ನಡುವೆ ಬಿಳಿ ಕವಚದ ಕನ್ನಡಿಯೊಂದು ಉರುಳಿ ಬಂತು. ಅದರ ಅಂಚಿಗೆ ತಿಳಿನೀಲಿ ಬಣ್ಣ ಬಳಿದುಕೊಂಡಿತ್ತು.

ಮಷಿನ್ ಯಜಮಾನ ಟೈರಿನ ರಾಶಿಯ ಮೇಲೆ ಕುಸಿದ. "ಟೈರ್ ಹಾಕಿದ ಮೇಲೆ ಸಾರ್ ಗಾಡೀನ ಟ್ರಯಲ್ ನೋಡೋಕೆ ತಗೊಂಡು ಹೋಗಿದ್ದೆ. ಸ್ವಲ್ಪ ಜೋರಾಗಿ ಹೋದೆ, ಅಷ್ಟೇ. ಬೇಕು ಅಂತ ಮಾಡಿದ್ದಲ್ಲ. ನಿಲ್ಲಿಸಿ ನೋಡಿದ್ರೆ ಇವರಿಗೆ ಜ್ಞಾನ ಇಲ್ಲ. ಹತ್ತಿರ ಯಾರೂ ಇರಲಿಲ್ಲ."

"ಗುದ್ದಿಸಿದ್ದು ಬೇಕು ಅಂತ ಅಲ್ಲ, ಒಪ್ಪಿದೆ. ಗಾಜು ಗುಡಿಸಿದ್ದು? ನಟ್ಟು ಬಿಚ್ಚಿದ್ದು?"

ಅವನು ಮುಖವೆತ್ತದೆ ಹೇಳಿದ. "ತಪ್ಪು ಅವಳದು ಅಂದ್ರೆ ಎಲ್ಲರೂ ನಂಬ್ತಾರೆ ಅಂತ ಗೊತ್ತಿತ್ತು."

ಅಲ್ಲಿದ್ದ ಗಂಡಸರೆಲ್ಲ ನೆಲ ನೋಡಿದರು. ನಾನೂ ನೋಡಿದೆ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಎಲ್ಲರೂ ನಂಬಿದ್ದರು, ಒಬ್ಬರಾದರೂ ಬಗ್ಗಿ ಟೈರ್ ಮುಟ್ಟಿರಲಿಲ್ಲ.

"ನನ್ನ ಕಾಲು ಮುರಿದಿದ್ದನ್ನ ಕ್ಷಮಿಸ್ತಿದ್ದೆನೋ ಏನೋ," ಎಂದರು ನರ್ಸ್. "ಆಸ್ಪತ್ರೆಗೆ ದಿನಾ ಬಂದು ನನ್ನ ಮಂಚದ ಪಕ್ಕ ಕೂತು ಅವಳನ್ನ ಬೈದ್ಯಲ್ಲ, ಅದನ್ನ ಕ್ಷಮಿಸಲ್ಲ."

ಪೇದೆ ಮಷಿನ್ ಯಜಮಾನನನ್ನು ಕರೆದೊಯ್ದ. ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡು ಮೆಕ್ಯಾನಿಕ್ ಕಡೆ ತಿರುಗಿದರು. "ನೋಡಮ್ಮ, ನಿನ್ನ ಶೆಡ್ಡಿನ ಬೀಗದ ವಿಷಯ. ಒಂದು ಅರ್ಜಿ ಕೊಡು. ಮೇಲಿನವರಿಗೆ ಕಳಿಸ್ತೀನಿ. ಅಲ್ಲಿಂದ ಬಂದ ಮೇಲೆ..."

ಅವಳು ಕಂಬ ಬಿಟ್ಟು ಮುಂದೆ ಬಂದಳು. "ಬೀಗ ಹಾಕಿ ಅಂತ ಅರ್ಜಿ ಕೊಟ್ಟಿದ್ದು ಯಾರು ಸಾರ್?"

"ಅದು... ಅರ್ಜಿ ಅಂತ ಅಲ್ಲ. ಇವರೆಲ್ಲ ಹೇಳಿದ್ರು."

"ಹಾಕೋಕೆ ಬಾಯಿಮಾತು ಸಾಕಾಯ್ತು. ತೆಗೆಯೋಕೆ ಅರ್ಜಿ ಬೇಕಾ? ಹೇಳಿದವರೆಲ್ಲ ಇಲ್ಲೇ ಇದ್ದಾರೆ. ಈಗ ಇನ್ನೊಂದು ಸಲ ಕೇಳಿ."

ಇನ್‌ಸ್ಪೆಕ್ಟರ್ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ ಕುರ್ಚಿ ಎಳೆದುಕೊಂಡು, ರಾತ್ರಿಯಿಡೀ ಏಳುವುದಿಲ್ಲ ಎನ್ನುವಂತೆ ಕೂತರು. ಇನ್‌ಸ್ಪೆಕ್ಟರ್ ಜೇಬಿಗೆ ಕೈಹಾಕಿದರು. ಬೀಗದ ಕೈ ಅಲ್ಲೇ ಇತ್ತು.

ಅವಳು ಅದನ್ನು ತೆಗೆದುಕೊಂಡಳು. ಧನ್ಯವಾದ ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ. ಸಣ್ಣ ಕಾರಿನ ಮುಂದೆ ಕೂತು, ಎರಡೂ ಟೈ ರಾಡುಗಳನ್ನು ತಿರುಗಿಸಿ ಎಳೆದೊಯ್ಯುವಷ್ಟು ಸರಿಮಾಡಿದಳು. ನಟ್ಟು ಬಿಗಿ ಮಾಡುವಾಗ ಸ್ಪ್ಯಾನರ್ ಕಿರ್ರೆಂದಿತು.

ಅಣ್ಣ ಹತ್ತಿರ ಬಂದ. "ನಿಮ್ಮ ಬಗ್ಗೆ ಏನೇನೋ ಅಂದುಬಿಟ್ಟೆ. ತಂಗಿ ಗಾಡಿ ನೀವೇ ರಿಪೇರಿ ಮಾಡಿಕೊಡಬೇಕು."

"ಮಾಡ್ತೀನಿ," ಎಂದಳು ಅವಳು, ಸ್ಪ್ಯಾನರ್ ಒರೆಸುತ್ತಾ. "ನಿಮ್ಮದನ್ನ ಮಾತ್ರ ತರಬೇಡಿ."