ಕೊನೆಯ ಮುಕ್ಕಾಲು ಸುತ್ತು

ಕಾರಿನಡಿ ಮಲಗಿ ಹಳೆಯ ಆಯಿಲ್ ಫಿಲ್ಟರಿನ ಬೋಲ್ಟನ್ನು ಅರ್ಧ ಬಿಚ್ಚಿದ್ದೆ. ಡಬ್ಬಿಯೊಳಗೆ ಕಾಗದದ ಫಿಲ್ಟರ್ ಇಡುವ ಹಳೆಯ ಏರ್ಪಾಡು ಅದು. ಅದನ್ನು ತೆಗೆದು, ಈಗ ಎಲ್ಲ ಅಂಗಡಿಗಳಲ್ಲಿ ಸಿಗುವ, ತಿರುಗಿಸಿ ಕೂರಿಸುವ ಫಿಲ್ಟರ್ ಹಾಕಬೇಕಿತ್ತು. ನಾಳೆಯಿಂದ ಮಗಳು ಇದರಲ್ಲೇ ಕೆಲಸಕ್ಕೆ ಹೋಗುವವಳು. ಅವಳಪ್ಪ ಇದರ ಸ್ಟಿಯರಿಂಗಿಗೆ ತಲೆಯಾನಿಸಿ ಪ್ರಾಣ ಬಿಟ್ಟ ಮೇಲೆ ಯಾರೂ ಇದನ್ನು ಓಡಿಸಿರಲಿಲ್ಲ.

ಡಬ್ಬಿ ಕಳಚಿತು. ಮೊಣಕೈಗೆ ಇಳಿದ ಆಯಿಲ್ ಬೆಚ್ಚಗಿತ್ತು.

“ಬ್ಯಾಟರಿನೇ ಇನ್ನೂ ಹಾಕಿಲ್ಲ ಕಣೆ, ಹೇಗೆ ಬಿಸಿಯಾಯ್ತು?” ಎಂದೆ, ಪಕ್ಕದಲ್ಲಿ ನಿಂತಿದ್ದ ಮಗಳಿಗೆ.

“ಅಪ್ಪನ ಕಾರಲ್ವಾಮ್ಮ, ಅವರ ಹಾಗೇ ಸುಮ್ಸುಮ್ನೆ ಬಿಸಿಯಾಗತ್ತೆ,” ಎಂದು ನಗುತ್ತ ಅವಳು ಮನೆಯೊಳಗೆ ಹೋದಳು.

ಹಳೆಯ ಡಬ್ಬಿಯ ಜಾಗಕ್ಕೆ ಅಡಾಪ್ಟರ್ ಕೂರಿಸಿ, ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿದೆ. ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಯಾವ ಕಾರಿಗಾದರೂ ಬಿಗಿ ಮಾಡುವ ಕೊನೆಯ ಮುಕ್ಕಾಲು ಸುತ್ತು ನಮ್ಮವರದೇ ಆಗಿತ್ತು. “ಬಿಡೇ, ನಿನ್ನ ಬಿಗಿ ಸಕ್ಕರೆ ಡಬ್ಬಿಗೆ ಸಾಕು,” ಎನ್ನುತ್ತಿದ್ದರು. ಅಭ್ಯಾಸಬಲದಿಂದ ಕೈ ತೆಗೆದೆ. ಫಿಲ್ಟರ್ ತಾನಾಗಿ ಇನ್ನೂ ಮುಕ್ಕಾಲು ಸುತ್ತು ನಿಧಾನವಾಗಿ ತಿರುಗಿ ನಿಂತಿತು.

“ಕೂತ್ಕೊಳ್ತಾಮ್ಮ?” ಮಗಳು ಒಳಗಿನಿಂದ ಕೇಳಿದಳು.

“ಇಲ್ಲ ಕಣೆ, ಅಳತೆ ಬೇರೆ. ನಾಳೆ ಬಸ್ಸಲ್ಲೇ ಹೋಗು.”

ಕಾರು ಅವಳ ಕೈಗೆ ಹೋಗಬಾರದೆಂದು ಆ ಸುತ್ತು ನಿಂತ ಕ್ಷಣವೇ ನಿಶ್ಚಯಿಸಿದ್ದೆ. ಏಕೆಂದು ಈವರೆಗೆ ಯಾರಿಗೂ ಹೇಳಿಲ್ಲ. ಎಷ್ಟು ಬಲ ಹಾಕಿದರೂ ಆ ಫಿಲ್ಟರ್ ಬಿಚ್ಚಲು ಬಂದಿಲ್ಲ.