ಅಂಜನಾಳ ಕೆಂಪು ದಾರ

“ಡಬ್ಬಿಯೊಳಗ ಹೋಯ್ತು, ಖರೆ. ಮುಂದ ಆ ಪ್ಲಾಸ್ಟಿಕ್ ಏನಾಗ್ತದ?” ಎಂದು ವಿಜ್ಞಾನದ ಶಾಂತಕುಮಾರ ಸರ್ ಕೇಳಿದರು.

ಅಂಜನಾ ತನ್ನ ಮಾಡೆಲನ್ನು ಇನ್ನೊಮ್ಮೆ ನೋಡಿದಳು.

ನೀರು ತುಂಬಿದ ಗಾಜಿನ ಡಬ್ಬಿಯೇ ಅವಳ ಮಾಡೆಲ್‌ನ ಜೀವಕೋಶ. ಕೆಂಪು ದಾರದ ಸುರುಳಿ ಜೀನ್, ಅಂದರೆ ಕೋಶಕ್ಕೆ ಅದರ ಕೆಲಸ ಹೇಳಿಕೊಡುವ ಸಂದೇಶ. ಕೆಲವರಿಗೆ ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿರುತ್ತದೆ. ಅವರ ಕೋಶಗಳಿಗೆ ಒಳ್ಳೆಯ ಜೀನ್ ಕಳಿಸಬೇಕು. ಹಾಗೇ ಕಳಿಸಿದರೆ ದಾರಿಯಲ್ಲೇ ಹಾಳಾಗುತ್ತದೆ. ಸಾಮಾನ್ಯವಾಗಿ ಅದನ್ನು ಹೊತ್ತೊಯ್ಯುವ ವೈರಸ್ಸಿನ ಸಹಾಯವಿಲ್ಲದೆ, ಪಾಲಿಮರ್‌ನಲ್ಲಿ ಸುತ್ತಿಯೂ ಕಳಿಸಬಹುದು ಎಂದು ಸರ್ ಕಲಿಸಿದ್ದರು. ಪಾಲಿಮರ್ ಅಂದರೆ ಪ್ಲಾಸ್ಟಿಕ್ ತಾನೇ ಎಂದು ನಮ್ಮ ಜಾಣೆ ಕ್ಯಾರಿಬ್ಯಾಗ್ ಕತ್ತರಿಸಿ ದಾರಕ್ಕೆ ಬಿಗಿಯಾಗಿ ಸುತ್ತಿದ್ದಳು.

“ಮೈಯಾಗ ಕ್ಯಾರಿಬ್ಯಾಗ್ ಉಳದ್ರ ನಡೀತದೇನವ್ವಾ? ಸೋಮವಾರ ತನಕ ವಿಚಾರ ಮಾಡು. ಯಾದಗಿರಿಗೆ ಒಂದೇ ಮಾಡೆಲ್ ಕಳಸ್ತೀನಿ.”

ಯಾದಗಿರಿಯ ವಿಜ್ಞಾನ ಮೇಳ ಕೈತಪ್ಪಿತು ಎಂದು ಅಂಜನಾಳಿಗೆ ಅಳುವೇ ಬಂತು.

ಅಂದು ಶನಿವಾರ, ಅರ್ಧ ದಿನದ ಶಾಲೆ. ಅವಳು ನೇರ ಹೊಲಕ್ಕೆ ಹೋದಳು. ಅಲ್ಲಿ ಅವ್ವ ದೇವಕಮ್ಮ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಮಗಳನ್ನು ಕಂಡು ಬದುವಿನ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆಯೇ ಪುಂಡಿಪಲ್ಯ ಹಾಕಿ ಕೈಗೆ ಕೊಟ್ಟಳು.

ತಿಂದು ಮುಗಿಸಿದ ಅಂಜನಾ ಖಾಲಿ ಅಂಗೈ ನೋಡುತ್ತ ಕುಳಿತಳು. ಪಲ್ಯ ಹೊತ್ತು ತಂದ ರೊಟ್ಟಿಯೂ ಹೊಟ್ಟೆ ಸೇರಿತ್ತು. ತೊಳೆಯಲು ತಾಟೇ ಇರಲಿಲ್ಲ.

“ಯವ್ವಾ, ಒಂದೀಟು ಜ್ವಾಳದ ಹಿಟ್ಟು ಕೊಡ್ತಿಯೇನ?”

“ರೊಟ್ಟಿ ಬಡೀತಿಯೇನು?”

“ಅಲ್ಲ, ಜೀನ್ ಸುತ್ತತೀನಿ.”

“ಏನರ ಸುತ್ತು. ಹಿಟ್ಟು ಚೆಲ್ಲಬ್ಯಾಡ.”

ಮನೆಯಲ್ಲಿ ಮಾಡಿದ ಮೊದಲಿನ ಮೂರು ಹಿಟ್ಟಿನ ಉಂಡೆ ಒಡೆದವು. ನಾಲ್ಕನೆಯದಕ್ಕೆ ಬಿಸಿನೀರು ಹಾಕಿ ನಾದಿ, ದಾರ ಒಳಗಿಟ್ಟು, ಭಾನುವಾರವಿಡೀ ಬಿಸಿಲಿಗೆ ಒಣಗಿಸಿದಳು. ಕೋಳಿ ಕುಕ್ಕದಂತೆ ಕಾಯ್ದಿದ್ದೂ ಅವಳೇ.

ಸೋಮವಾರ ಅದನ್ನು ಡಬ್ಬಿಗೆ ಬಿಟ್ಟಳು. ಹತ್ತು ನಿಮಿಷವಾದರೂ ಉಂಡೆ ಗಟ್ಟಿಯಾಗಿ ಕೂತೇ ಇತ್ತು. ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

ಆಮೇಲೆ ಉಂಡೆ ಮೆತ್ತಗಾಯಿತು, ಬಿರಿಯಿತು. ಕೆಂಪು ದಾರ ಮೆಲ್ಲಗೆ ಬಿಚ್ಚಿಕೊಂಡು ನೀರಿನಲ್ಲಿ ತೇಲಿತು.

“ಪ್ಲಾಸ್ಟಿಕ್ ಒಂದೇ ಅಲ್ಲ, ಜ್ವಾಳದ ಪಿಷ್ಟನೂ ಪಾಲಿಮರೇ, ಮೈಗೆ ಒಗ್ತದ,” ಎಂದು ಸರ್ ನಕ್ಕರು. “ಡಾಕ್ಟರ್ ಮಂದಿ ಸುತ್ತೋದು ಬ್ಯಾರೆ ಥರದ್ದು, ಆದ್ರ ವಿಚಾರ ಇದೇ. ಯಾದಗಿರಿಗೆ ನಿನ್ನ ಮಾಡೆಲ್ಲೇ ಹೋಗ್ತದ, ಇಂಥ ಉಂಡಿ ನಾಕು ಮಾಡ್ಕೊಂಡು ಬಾ. ಈಗ ಹೇಳು, ಸುತ್ತಿದ್ದ ಹಿಟ್ಟು ಎಲ್ಲಿ ಅದ?”

ಅಂಜನಾ ಬಗ್ಗಿ ನೋಡಿದಳು. ನೀರು ತುಸು ಬೆಳ್ಳಗಾಗಿತ್ತು, ಅಷ್ಟೇ.

“ಹೋಯ್ತ್ರಿ ಸರ್,” ಎಂದಳು.

ಎರಡು ದಿನ ಕಷ್ಟಪಟ್ಟು ಮಾಡಿದ್ದು ಕಣ್ಣೆದುರೇ ಇಲ್ಲವಾಗಿತ್ತು. ಅವಳಿಗೆ ಎಳ್ಳಷ್ಟೂ ಬೇಜಾರಾಗಲಿಲ್ಲ.