ಠೇಸನ್ ಮನೆಯ ಕಾವೇರಿ

"ಒಂದು ಠೇಸನ್ ಕೊಡ್ರಿ."

ಕಾವೇರಿ ಟಿಕೆಟ್ ಮಷೀನಿನಿಂದ ತಲೆ ಎತ್ತಿದಳು. ಮತ್ತೆ ಅವನೇ. ಹೆಗಲಿಗೆ ಬ್ಯಾಗು, ಅವಳ ಕಣ್ಣು ತಾಗಿದೊಡನೆ ಕಿಟಕಿಯತ್ತ ಜಾರುವ ನೋಟ.

ಜಮಖಂಡಿ–ಲೋಕಾಪುರ ಬಸ್ಸಿನ ಕಂಡಕ್ಟರ್ ಅವಳು. ಮುಧೋಳ ದಾಟಿದ ಮೇಲೆ ಬರುವ ಆ ಸ್ಟಾಪಿಗೆ ಜನ ಈಗಲೂ ಠೇಸನ್ ಎನ್ನುತ್ತಾರೆ. ಕಬ್ಬು, ಹತ್ತಿ, ಜನರನ್ನು ಹೊತ್ತು ಓಡುತ್ತಿದ್ದ ಸಣ್ಣ ರೈಲು ಅವಳ ಅಪ್ಪ ಹಾಲಸಿದ್ದಪ್ಪ ಹುಡುಗನಿದ್ದಾಗಲೇ ನಿಂತುಹೋಗಿತ್ತು. ಉಳಿದದ್ದು ಹೊಲಗಳ ನಡುವೆ ಹಳಿ ಹಾಯ್ದಿದ್ದ ಒಡ್ಡು ಮತ್ತು ನಿಲ್ದಾಣದ ಕಲ್ಲಿನ ಕಟ್ಟಡ. ಹಳಿಗಳನ್ನೇ ತೊಲೆ ಮಾಡಿ ಮಾಳಿಗೆ ಹಾಕಿಕೊಂಡು ಅವಳ ಮನೆಯವರು ಅದರಲ್ಲೇ ಇದ್ದರು. ಪ್ಲಾಟ್‌ಫಾರ್ಮಿನ ಮೇಲೆ ಕುರಿಗಳು ಮಲಗುತ್ತಿದ್ದವು.

ಅಲ್ಲಿರುವುದು ಅವಳ ಮನೆಯೊಂದೇ. ಇವನಿಗೇನು ಕೆಲಸ?

"ಅಲ್ಲಿ ನಿಮ್ಮವರು ಯಾರದಾರ್ರಿ?"

"ಇನ್ನೂ ಯಾರೂ ಇಲ್ರಿ."

ಆ 'ಇನ್ನೂ' ಅವಳನ್ನು ದಿನವಿಡೀ ಕೆಣಕಿತು.

ಸಂಜೆ ಅವನ ಬಗ್ಗೆ ಕೇಳಿದಾಗ ಅವ್ವ ಸುಂದರವ್ವ ಹೇಳಿದಳು: "ಅಮೋಲ ಅಂತ. ಛಲೋ ಹುಡುಗ ಬೇ. ನಿಮ್ಮಪ್ಪಗ ಹಳೇ ಗಾಡಿ ಸುದ್ದಿ ಕೇಳತಾನ, ಗ್ವಾಡಿ ಅಳತಿ ಮಾಡತಾನ."

"ಗ್ವಾಡಿ ಯಾಕ ಅಳೀಬೇಕವ್ವಾ? ಮನಿ ಕಸಗೊಳ್ಳಾಕ ಬಂದಾನ!"

ಮುಂದಿನ ರವಿವಾರ ರಜೆ ಹಾಕಿದಳು. ಅಮೋಲ ಗೋಡೆಗೆ ಅಳತೆ ಟೇಪು ಹಚ್ಚಿದಾಗ ಅದರ ಇನ್ನೊಂದು ತುದಿ ಹಿಡಿದು ನಿಂತಳು.

"ಖರೆ ಹೇಳ್ರಿ. ಯಾರು ಕಳಿಸ್ಯಾರ? ಫೋನ್ ಕೊಡ್ರಿ ಇಲ್ಲೆ."

ಅವನು ಕೊಟ್ಟ. ಗೋಡೆ, ತೊಲೆ, ಒಡ್ಡಿನ ಫೋಟೋಗಳು. ತನ್ನದೊಂದೂ ಇಲ್ಲವೆಂದು ಅವಳಿಗೆ ಯಾಕೋ ಪಿಚ್ಚೆನಿಸಿತು. ಒಂದು ರೆಕಾರ್ಡಿಂಗ್ ಒತ್ತಿದಳು. ಅಪ್ಪನ ದನಿ: "ಕುರಿ ಹಳಿ ಮ್ಯಾಲ ಬಂದ್ರ ಡ್ರೈವರ್ ಗಾಡಿ ನಿಂದ್ರಸತಿದ್ದ..." ನಡುವೆ ಬಸ್ಸಿನ ಹಾರ್ನ್. ಅಮೋಲನ ದನಿ: "ನಿಮ್ಮ ಮಗಳ ಬಸ್ಸೇನ್ರಿ ಅದು?" ದಡದಡ ಹೆಜ್ಜೆ ಸದ್ದು. ಅಪ್ಪನ ನಗು: "ಓಡಬ್ಯಾಡೋ, ಬಸ್ ಹೋತು!"

ಕಾವೇರಿಯ ಕಿವಿಗಳು ಬಿಸಿಯಾದವು. ಟೇಪು ಮಾತ್ರ ಬಿಡಲಿಲ್ಲ.

"ಅಳತಿ ಯಾಕ?"

ಅವನು ತಲೆ ತಗ್ಗಿಸಿದ. "ರಸ್ತಾ ಅಗಲ ಮಾಡೋ ಸರ್ವೇದಾಗ ಕೆಲಸ ಮಾಡತೇನ್ರಿ. ಮೊದಲ ಬಂದಿದ್ದು ಈ ಮನಿಗೆ ಕೆಡವೂ ಕೆಂಪು ಗುರುತು ಹಾಕಾಕ. ನಿಮ್ಮಪ್ಪನ ಮಾತು ಕೇಳಿ ಕೈ ಏಳಲಿಲ್ಲ. ಇದನ್ನ ಉಳಿಸಿ ರಸ್ತಾ ಆಚೆ ಸರಸ್ರಿ ಅಂತ ಬ್ಯಾರೆ ನಕ್ಷಾ ಮಾಡಾಕತ್ತೇನಿ. ಒಪ್ಪತಾರೋ ಇಲ್ಲೋ ಗೊತ್ತಿಲ್ಲ."

ಸಂಶಯ ನಿಜವಾಯಿತೆಂದೇ ಅವಳಿಗೆ ನೋವಾಯಿತು. "ಅಪ್ಪಗ ಹೇಳೀರೇನು?"

"ಇಲ್ರಿ. ಹೇಳಿದ್ರ ಇಲ್ಲಿಗೆ ಬರಾಕ ಬಿಡಾಂಗಿಲ್ಲ ಅಂತ ಅಂಜಿಕಿ."

"ಈಗ ಹೇಳ್ರಿ. ನನ್ನ ಮುಂದ."

ಕುರಿಗಳ ನಡುವೆ ಕುಳಿತಿದ್ದ ಹಾಲಸಿದ್ದಪ್ಪನ ಎದುರು ನಿಂತು ಅಮೋಲ ಎಲ್ಲ ಹೇಳಿದ. ಮುದುಕ ಕುರಿಮರಿಯೊಂದನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದ.

"ಗಾಡಿ ಬಂದ್ ಮಾಡಿದಾಗ ನಮಗ ಯಾರೂ ಒಂದ ಮಾತು ಹೇಳಿದ್ದಿಲ್ಲಪಾ. ನೀ ಹೇಳಾಕರೆ ಬಂದಿ. ಕುಂದ್ರು, ಚಹಾ ಕುಡಿ."

ಚಹಾ ಕುಡಿದು ಹೊರಟವನ ಜೊತೆ ಕಾವೇರಿ ಒಡ್ಡಿನವರೆಗೆ ನಡೆದಳು.

"ನಿಮ್ಮ ಮ್ಯಾಲ ನನಗ ಇನ್ನೂ ಸಂಶಯ ಐತಿ."

"ಇರಲಿ ಬಿಡ್ರಿ."

"ಬಸ್ ನೋಡಾಕ ಓಡಿ ಬಂದಿದ್ದಾದ್ರೂ ಖರೇನ?"

"ಬಸ್ ನೋಡಾಕ ಅಲ್ರಿ."

ಅವಳು ನಗು ಅಡಗಿಸಲು ಮುಖ ತಿರುಗಿಸಿದಳು. "ಹಂಗಾರ ನಕ್ಷಾ ಒಪ್ಪಲಿ, ಬಿಡಲಿ, ಬರೂದು ಬಿಡಬ್ಯಾಡ್ರಿ. ಸಂಶಯ ಹೋಗೂತನಕ ಬರ್ರಿ."

"ಹೋದ ಮ್ಯಾಲ?"

ಮನೆ ಬಾಗಿಲಲ್ಲಿ ಅವ್ವ ನಿಂತು ನೋಡುತ್ತಿದ್ದಾಳೆಂದು ಗೊತ್ತಿದ್ದೂ ಕಾವೇರಿ ಅವನ ಕೈ ಹಿಡಿದಳು.